ಕೋಜಿ ಮನೆಗೆ ಬಂದ ನತ್ತೋ ಬೀಗರು

ನಮ್ಮಣ್ಣ ಕುಮಾಕಿಚಿ ಭೂಕಂಪಕ್ಕೆ ಹೆದರಿದವನಲ್ಲ. ಆಳೆತ್ತರ ಹಿಮ ಬಿದ್ದಾಗ ಮಾಡಿನ ಮೇಲೆ ಹತ್ತಿ ಸಲಿಕೆ ಆಡಿಸುವುದಕ್ಕೂ ಹೆದರಿದವನಲ್ಲ. ನನ್ನ ಬಾಯಿಗಂತೂ ಹುಟ್ಟಿದಾಗಿನಿಂದ ಹೆದರಿಲ್ಲ. ಅವನು ಹೆದರುತ್ತಿದ್ದದ್ದು ನತ್ತೋಗೆ ಮಾತ್ರ. ಬೇಯಿಸಿದ ಸೋಯಾ ಕಾಳನ್ನು ಹುಲ್ಲಿನಲ್ಲಿ ಸುತ್ತಿ ಹುದುಗೆಬ್ಬಿಸಿ, ಅಂಟಂಟಾಗಿ ಎಳೆ ಬಿಡುವಾಗ ಬಿಸಿ ಅನ್ನದ ಮೇಲೆ ಸುರಿದುಕೊಂಡು ಊರವರೆಲ್ಲ ಬೆಳಗ್ಗೆ ಬೆಳಗ್ಗೆ ತಿನ್ನುತ್ತಾರಲ್ಲ, ಆ ಬಡಪಾಯಿ ನತ್ತೋಗೆ.

ಹೆದರಿಕೆಗೆ ಕಾರಣವಿತ್ತು ಅನ್ನಿ. ನಮ್ಮದು ಬೂಷ್ಟು ಬೆಳೆಯುವ ಮನೆ. ಉಳಿದವರ ಮನೆಯಲ್ಲಿ ಅನ್ನಕ್ಕೆ ಬೂಷ್ಟು ಹಿಡಿದರೆ ಮೂಗು ಮುರಿದು ಚೆಲ್ಲುತ್ತಾರೆ. ನಮ್ಮ ಮನೆಯಲ್ಲಿ ಹಿಡಿಯದಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತೇವೆ. ತಾತನ ಕಾಲದಲ್ಲಿ ಅಕ್ಕಿಯ ಮೇಲೆ ಬೆಳೆಯುತ್ತಿದ್ದೆವು. ಅದಕ್ಕೆ ಕೋಜಿ ಎನ್ನುತ್ತಾರೆ. ಸಾಕೆ ಎಂಬ ಅಕ್ಕಿ ಮದ್ಯ ಮಾಡುವವರು, ಸೋಯಾ ಸಾಸ್ ಮಾಡುವವರು ಚಳಿಗಾಲದಲ್ಲಿ ಬಂದು ಕೊಂಡೊಯ್ಯುತ್ತಿದ್ದರು. ಅಣ್ಣನ ಕಾಲಕ್ಕೆ ಅದರ ಜೊತೆ ಕಿಣ್ವದ ಕೆಲಸವೂ ಸೇರಿತು. ಗೋಧಿ ಬೂಸಾವನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಬೂಷ್ಟಿನ ಬೀಜದ ಪುಡಿ ಉದುರಿಸಿ, ದೇವದಾರು ಮರದ ತಟ್ಟೆಗಳಲ್ಲಿ ಹರಡಿ ಕಾವುಕೋಣೆಗೆ ಸೇರಿಸುತ್ತೇವೆ. ಎರಡು ದಿನಕ್ಕೆ ಬೂಸಾದ ತುಂಬ ಬಿಳಿ ಬೂಷ್ಟು ಅರಳಿ, ಹುರಿದ ಚೆಸ್ಟ್‌ನಟ್ ಕಾಯಿಯ ವಾಸನೆ ಬರುತ್ತದೆ. ಆಮೇಲೆ ಅದನ್ನು ನೀರಲ್ಲಿ ನೆನೆಸಿ, ಆ ನೀರನ್ನು ಸೋಸಿ, ಹದವಾಗಿ ಒಣಗಿಸಿದರೆ ಉಳಿಯುವ ತೆಳು ಹಳದಿ ಪುಡಿಯೇ ಕಿಣ್ವ. ಗಂಜಿಗೆ ಬಿದ್ದರೆ ಗಂಜಿಯೇ ಸಿಹಿ ಪಾಕವಾಗುತ್ತದೆ, ಬ್ರೆಡ್ಡಿನ ಹಿಟ್ಟಿಗೆ ಒಂದು ಚಿಟಿಕೆ ಬಿದ್ದರೆ ಬ್ರೆಡ್ಡು ಉಬ್ಬಿ ಮೆತ್ತಗಾಗುತ್ತದೆ. ಸೆಂದೈ ಕಡೆಯ ಬ್ರೆಡ್ ಕಾರ್ಖಾನೆಯೊಂದು ನಮ್ಮ ಪುಡಿಯನ್ನೇ ನಂಬಿಕೊಂಡಿತ್ತು.

ಇಂಥ ಬೂಸಾಕ್ಕೆ ನತ್ತೋದ ಸೂಕ್ಷ್ಮಜೀವಿ ಸೋಕಿತೋ, ಕೆಲಸ ಕೆಟ್ಟಂತೆ. ಬೂಷ್ಟು ಕಣ್ಣು ಬಿಡುವುದರೊಳಗೆ ಅದು ಮನೆಯನ್ನೇ ಆಕ್ರಮಿಸಿ ಎಲ್ಲವನ್ನೂ ಲೋಳೆ ಮಾಡಿಬಿಡುತ್ತದೆ. ಕುದಿಯುವ ನೀರು ಹೊಯ್ದರೂ ಸಾಯುವುದಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಯಾರೂ ನತ್ತೋ ತಿನ್ನುವಂತಿಲ್ಲ, ಮುಟ್ಟುವಂತಿಲ್ಲ. ಅಪ್ಪಿತಪ್ಪಿ ತಿಂದವರು ಒಂದು ವಾರ ಕಾವುಕೋಣೆಯ ಕಡೆ ತಲೆ ಹಾಕುವಂತಿಲ್ಲ. ಎಲ್ಲ ಕೋಜಿ ಮನೆಗಳಲ್ಲೂ ಇದೇ ಪದ್ಧತಿ. ಆದರೆ ನಮ್ಮಣ್ಣನ ಮಡಿ ಎಲ್ಲರಿಗಿಂತ ಒಂದು ಕೈ ಮೇಲು. ಅಂಗಡಿಯಲ್ಲಿ ನತ್ತೋ ಇಟ್ಟ ಸಾಲು ಬಂದರೆ ಉಸಿರು ಕಟ್ಟಿಕೊಂಡು ದಾಟುತ್ತಿದ್ದ. ಬೆಳಗ್ಗೆ ಸೈಕಲ್ಲಿನಲ್ಲಿ ನತ್ತೋ ಕೂಗಿಕೊಂಡು ಬರುವವನು ನಮ್ಮ ಬೀದಿ ಬಂತೆಂದರೆ ಬಾಯಿ ಮುಚ್ಚಿಕೊಂಡು ಆಚೆ ಬೀದಿಗೆ ತಿರುಗುತ್ತಿದ್ದ. ಕೂಗಿನಲ್ಲೂ ಮೈಲಿಗೆ ಇದೆಯೇನೋ ಎಂಬಂತೆ ಅಣ್ಣ ಕಿಟಕಿ ಹಾಕಿಕೊಳ್ಳುತ್ತಿದ್ದ.

ಇಂಥ ಮನೆಗೆ ಅಣ್ಣನ ಒಬ್ಬನೇ ಮಗ ಯಸುನೊರಿ ಸೊಸೆ ಎಂದು ಯಾರನ್ನು ತಂದ ಗೊತ್ತೇ? ನತ್ತೋಗೆ ಹೆಸರಾದ ಮಿತೊ ಪಟ್ಟಣದ ನತ್ತೋ ಮಾಡುವವರ ಮಗಳನ್ನು.

ಹುಡುಗಿ ಚಿಜುರು. ಇಬ್ಬರೂ ಒಂದೇ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳನ್ನು ಓದಿದವರಂತೆ. ಇವನು ಬೂಷ್ಟಿನ ಬೆಂಚು, ಅವಳು ಬ್ಯಾಕ್ಟೀರಿಯಾದ ಬೆಂಚು. ನಡುವೆ ಒಂದು ಗಾಜಿನ ಗೋಡೆ ಇತ್ತಂತೆ. ಗೋಡೆ ಇದ್ದರೂ ಆಗುವುದು ಆಯಿತು. ಮದುವೆ ನಮ್ಮೂರಲ್ಲೂ ಬೇಡ, ಅವರೂರಲ್ಲೂ ಬೇಡ ಎಂದು ನಡುದಾರಿಯ ಕೋರಿಯಾಮದಲ್ಲಿ ನಡೆಯಿತು. ಅಣ್ಣ ಬಾಡಿಗೆಯ ಕಿಮೋನೊ ಉಟ್ಟು, ಬೀಗರಿಂದ ಆರು ಕುರ್ಚಿ ದೂರ ಕೂತು, ಮುಗಿದ ಕೂಡಲೇ ಅದನ್ನು ಅಲ್ಲೇ ಬಿಚ್ಚಿಕೊಟ್ಟು ಬಂದ. ಬೀಗರು ತೊರಾಮತ್ಸು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಮಗಳನ್ನು ಸಾಕಿದವರು. ತೊರಾ ಎಂದರೆ ನಮ್ಮಲ್ಲಿ ಹುಲಿ, ಕುಮಾ ಎಂದರೆ ಕರಡಿ; ಅವರ ಹೆಸರಲ್ಲಿ ಹುಲಿ ಇದೆ, ನಮ್ಮಣ್ಣನ ಹೆಸರಲ್ಲಿ ಕರಡಿ. ಆ ದಿನ ಹುಲಿ ನಗುನಗುತ್ತ ಎಲ್ಲರಿಗೂ ಸಾಕೆ ಬಗ್ಗಿಸಿತು, ಕರಡಿ ಮಾತ್ರ ಮೂಗು ಮುಚ್ಚಿಕೊಂಡು ಕೂತಿತ್ತು.

ಚಿಜುರು ಮನೆಗೆ ಬಂದವಳು ನತ್ತೋ ಹೆಸರೂ ಎತ್ತಲಿಲ್ಲ. ಕೆಲಸಕ್ಕೆ ನಿಂತಳು ಎಂದರೆ ಬೂಸಾ ಮುಟ್ಟಿಯೇ ಕಾವು ಹೇಳುತ್ತಿದ್ದಳು. ಅಣ್ಣ ಎದುರಿಗೆ ಹೊಗಳುವವನಲ್ಲ. ಹಿಂದಿನಿಂದ ನನ್ನ ಹತ್ತಿರ, "ಪರವಾಗಿಲ್ಲ ಕಣೆ ಫುಕಿ, ಹುಡುಗಿ ಕೈ ಬೂಷ್ಟಿಗೆ ಆಗತ್ತೆ" ಎನ್ನುತ್ತಿದ್ದ. ಫುಕಿ ಎಂದರೆ ನಾನು, ಅವನ ತಂಗಿ. ಗಂಡ ಸತ್ತ ಮೇಲೆ ತವರಿಗೆ ಬಂದವಳು. ಅತ್ತಿಗೆಯೂ ಹೋದ ಮೇಲೆ ಅಡುಗೆಮನೆ, ಕಾವುಕೋಣೆ, ಅಣ್ಣನ ಸಿಡುಕು ಮೂರೂ ನನ್ನ ಪಾಲಿಗೆ ಬಂದವು.

ಹಿಂದೆಲ್ಲ ಕೋಜಿ ಚಳಿಗಾಲದ ಕೆಲಸ. ಬೇಸಿಗೆ ಬಂತೆಂದರೆ ಕಾವುಕೋಣೆ ತಣ್ಣಗಾಗಿ, ಬಾಗಿಲೆಲ್ಲ ತೆರೆದುಕೊಂಡು, ಯಾರು ಬಂದರೂ ಹೋದರೂ ಕೇಳುವವರಿರಲಿಲ್ಲ. ಕಿಣ್ವ ಶುರುವಾದ ಮೇಲೆ ಆ ಬಿಡುವು ಹೋಯಿತು. ವರ್ಷವಿಡೀ ಬ್ರೆಡ್ಡು ಬೇಯುತ್ತದೆ, ವರ್ಷವಿಡೀ ಕಾವುಕೋಣೆ ಕಾಯುತ್ತದೆ. ಹಾಗಾಗಿ ಮದುವೆಯಾಗಿ ಮೂರು ವರ್ಷವಾದರೂ ತೊರಾಮತ್ಸು ಒಂದು ಸಲವೂ ಮಗಳ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಚಿಜುರು ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಪದ್ಧತಿ. ಮಿತೊದಲ್ಲಿ ಅವಳಪ್ಪ ಬೇಸಿಗೆಯಲ್ಲೇ ಕೋಣೆಗೆ ಹೊಸ ಚಾಪೆ ಹಾಕಿಸಿದ್ದರಂತೆ.

"ಹೋಗ್ಲಿ, ಯಾರು ಬೇಡ ಅಂದ್ರು?" ಎಂದ ಅಣ್ಣ. "ವಾಪಸ್ ಬಂದ್ಮೇಲೆ ಒಂದು ತಿಂಗ್ಳು ಬೇರೆ ಮನೇಲಿ ಇರ್ಲಿ, ಮಗೂನೂ ಅಲ್ಲೇ ಇರ್ಲಿ. ನತ್ತೋ ಮನೇಲಿ ಹುಟ್ಟಿದ್ ಮಗು ಅಂದ್ರೆ ಸುಮ್ನೇನಾ? ಕೂದ್ಲಲ್ಲಿ, ಹಾಸ್ಗೇಲಿ, ಎಲ್ಲೆಲ್ಲಿ ಅಂತ ತೊಳೀತೀರಿ?"

"ಹುಟ್ಟಿದ್ ಮಗೂಗೆ ಕೂದ್ಲೇ ಇರಲ್ಲ ಕಣೋ" ಎಂದೆ.

"ಕೆಲವಕ್ಕೆ ಇರತ್ತೆ."

ಚಿಜುರು ನಕ್ಕು, "ಇರ್ಲಿ ಬಿಡಿ ಮಾವ, ಇಲ್ಲೇ ಆಗ್ಲಿ" ಎಂದಳು. ನಮ್ಮ ಊರಿನ ಆಸ್ಪತ್ರೆಯಲ್ಲೇ ಹೆಣ್ಣು ಮಗು ಹುಟ್ಟಿತು. ಮಿಯೊ ಎಂದು ಹೆಸರಿಟ್ಟರು. ತಲೆ ತುಂಬ ಕೂದಲಿತ್ತು, ಅಣ್ಣನಿಗೆ ಗೆದ್ದ ಸಂಭ್ರಮ.

ಜನವರಿಯಲ್ಲಿ ಮಗುವಿನ ನೂರನೇ ದಿನದ ಶಾಸ್ತ್ರ ಬಂತು. ಆವತ್ತು ಮಗುವಿನ ತುಟಿಗೆ ಮೊದಲ ಅಗುಳು ಮುಟ್ಟಿಸಬೇಕು. ಹೆಣ್ಣು ಮಗುವಾದರೆ ಮನೆಯ ಹಿರಿ ಹೆಂಗಸು ಉಣ್ಣಿಸುವುದು, ಅಂದರೆ ನಾನು. ಉಣ್ಣಿಸುವ ಅರಗಿನ ಬಟ್ಟಲುಗಳು ತಾಯಿಯ ತವರಿನಿಂದ ಬರಬೇಕು. ತೊರಾಮತ್ಸು ಬಟ್ಟಲುಗಳನ್ನು ತಾವು ಮುಟ್ಟಲೇ ಇಲ್ಲ. ನಮ್ಮ ಐಜು ಸೀಮೆಯ ಅರಗಿನ ಅಂಗಡಿಗೇ ಫೋನ್ ಮಾಡಿ, ಆರಿಸಿ, ನೇರ ನಮ್ಮ ಮನೆಗೆ ಕಳಿಸುವಂತೆ ಹೇಳಿದ್ದರು. ಕೆಂಪು ಬಟ್ಟಲುಗಳ ಮೇಲೆ ಚಿನ್ನದ ಕೊಕ್ಕರೆ. ಡಬ್ಬಿಯೊಳಗೆ ಅಂಗಡಿಯವನ ಕೈಯಲ್ಲಿ ಬರೆಸಿದ ಒಂದು ಚೀಟಿ: 'ನನ್ನ ಕೈ ತಾಗಿಲ್ಲ, ಧೈರ್ಯವಾಗಿ ಬಳಸಿ.'

ಅದನ್ನು ಓದಿ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಬೇಕಾಗಿಲ್ಲ. ಹಜಾರಕ್ಕೆ ಹೋಗಿ ಫೋನ್ ಎತ್ತಿ, ಬೀಗರನ್ನು ಶಾಸ್ತ್ರಕ್ಕೆ ಕರೆದೇಬಿಟ್ಟೆ.

ಅಣ್ಣ ಕಾವುಕೋಣೆಯಿಂದ ಬೆವರು ಒರೆಸಿಕೊಳ್ಳುತ್ತ ಬಂದ.

"ಕರೆದ್ಯಾ?"

"ಕರೆದೆ."

"ಯಾರ್ನ ಕೇಳಿ?"

"ನನ್ನೇ ಕೇಳ್ಕೊಂಡೆ. ಹೂಂ ಅಂತು."

"ಬೂಸಾ ಕೆಟ್ರೆ ಬ್ರೆಡ್ಡಿನೋರಿಗೆ ನಿನ್ನ ಹೂಂ ಕಳಿಸ್ಲಾ?"

"ಆ ಮನುಷ್ಯ ಮೊಮ್ಮಗಳನ್ನ ಫೋಟೋದಲ್ಲಿ ನೋಡಿದ್ದಾನೆ ಕಣೋ. ಫೋಟೋದಲ್ಲಿ! ನೀನು ದಿನಾ ಅದನ್ನ ತೊಡೆ ಮೇಲೆ ಹಾಕ್ಕೊಂಡು ಕುಣಿಸ್ತೀಯ. ನಾಚ್ಕೆ ಆಗಲ್ವಾ?"

ನಾಚಿಕೆಯ ಮಾತು ಅಣ್ಣನಿಗೆ ಸ್ವಲ್ಪ ತಾಗಿತು. ಬೀಗರು ಬರುವುದಕ್ಕೆ ಒಪ್ಪಿದ, ಆದರೆ ಸುಮ್ಮನೆ ಒಪ್ಪಿದರೆ ಅವನು ಕುಮಾಕಿಚಿಯೇ? ಮರುದಿನ ನನ್ನ ಕೈಗೆ ಫೋನ್ ಕೊಟ್ಟು, ತಾನು ಪಕ್ಕದಲ್ಲಿ ನಿಂತು ಒಂದೊಂದೇ ಷರತ್ತು ಹೇಳತೊಡಗಿದ. ನಾನು ಅವನ್ನು ಮಿತೊಗೆ ದಾಟಿಸುತ್ತ ಹೋದೆ.

"ಇವತ್ತಿಂದ್ಲೇ ಕಾರ್ಖಾನೆಗೆ ಕಾಲಿಡಬಾರ್ದಂತೆ ಬೀಗರೇ."

"ಆಗ್ಲಿ ತಾಯಿ."

"ಬಟ್ಟೆ ಎಲ್ಲಾ ಹೊಸದಂತೆ."

"ಆಗ್ಲಿ."

"ಒಳಗಿಂದೂ ಹೊಸದೇ ಅಂತೆ. ಕ್ಷಮಿಸಿ, ನನ್ನ ಮಾತಲ್ಲ, ಇಲ್ಲೊಬ್ಬ ನಿಂತಿದ್ದಾನೆ."

"ಹೂಂ, ಅದೂ ಆಗ್ಲಿ."

"ರೈಲಿಳಿದ್ ಕೂಡ್ಲೆ ಸ್ಟೇಷನ್ ಮುಂದಿನ ಸ್ನಾನದ ಮನೇಲಿ ಸ್ನಾನ. ಬಟ್ಟೆ ಅಲ್ಲೇ ಬಿಟ್ಟು, ನಾವು ಕೊಟ್ಟಿದ್ದು ಉಟ್ಕೊಂಡು ಬರ್ಬೇಕಂತೆ."

"ಹೊಸ ಬಟ್ಟೇನೂ ಬಿಡ್ಬೇಕಾ?"

ನಾನು ಅಣ್ಣನ ಕಡೆ ನೋಡಿದೆ. ಅವನು ಗಂಭೀರವಾಗಿ ತಲೆಯಾಡಿಸಿದ. "ಅದೂ ಬಿಡ್ಬೇಕಂತೆ. ಮತ್ತೆ… ಇವತ್ತಿಂದ ನತ್ತೋ ತಿನ್ನಬಾರ್ದಂತೆ."

ಲೈನ್ ಹೋಯಿತೆಂದು ತಿಳಿದು ನಾನು ಎರಡು ಸಲ ಹಲೋ ಎಂದೆ. ಹುಟ್ಟಿದಾರಭ್ಯ ಆ ಮನುಷ್ಯ ನತ್ತೋ ಇಲ್ಲದೆ ಬೆಳಗ್ಗೆ ಕಂಡಿರಲಿಕ್ಕಿಲ್ಲ. ಕೊನೆಗೆ ಸಣ್ಣ ದನಿ ಬಂತು.

"ಆಗ್ಲಿ ತಾಯಿ. ಮಗು ಕೂದ್ಲು ಕಪ್ಪಗಿದ್ಯಾ?"

ಶಾಸ್ತ್ರದ ದಿನ ಬೆಳಗಿನಿಂದಲೇ ಹಿಮ. ಯಸುನೊರಿ ಯುಕಾತ ಎಂಬ ತನ್ನ ಹತ್ತಿಯ ನಿಲುವಂಗಿ, ಅದರ ಮೇಲೆ ಹಾಕಿಕೊಳ್ಳುವ ದಪ್ಪ ಅಂಗಿ, ಹೊಸ ರಬ್ಬರ್ ಬೂಟು ಹಿಡಿದು ಸ್ಟೇಷನ್ನಿಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಬೀದಿಯ ತುದಿಯಲ್ಲಿ ಇಬ್ಬರೂ ಕಾಣಿಸಿದರು. ಸ್ನಾನದ ಮನೆಯಿಂದ ನೇರ ಎದ್ದು ಬಂದ ಬೀಗರ ಬೋಳುತಲೆ ಹೊಗೆಯಾಡುತ್ತಿತ್ತು. ಯಸುನೊರಿಯ ಯುಕಾತ ಅವರ ಗುಂಡು ಮೈಗೆ ಮೊಣಕಾಲಿಗೇ ಮುಗಿದು, ಕೆಳಗೆ ಕಾಲುಗಳು ಕೆಂಪಗೆ ಬೂಟಿನೊಳಗೆ ಇಳಿದಿದ್ದವು. ಎದುರುಮನೆಯ ಹೆಂಗಸರು ಹಿಮ ಗುಡಿಸುವ ನೆಪದಲ್ಲಿ ಆಚೆ ಬಂದು ನಿಂತಿದ್ದರು. ಬೀಗರು ಅವರಿಗೂ ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತ ಬಂದರು.

ಗೇಟಿನಲ್ಲಿ ಅಣ್ಣ ಸುಂಕದ ಕಟ್ಟೆಯವನಂತೆ ನಿಂತಿದ್ದ.

"ಉಸಿರು ಬಿಡಿ" ಎಂದ.

ತೊರಾಮತ್ಸು ಬಿಟ್ಟರು. ಚಳಿಗೆ ಅದು ಬಿಳಿ ಮೋಡವಾಗಿ ಅಣ್ಣನ ಮುಖಕ್ಕೆ ಬಡಿಯಿತು. ಅಣ್ಣ ಕಣ್ಣು ಮುಚ್ಚಿ ಮೂಸಿದ.

"ಇನ್ನೊಂದ್ಸಲ."

ಮತ್ತೆ ಬಿಟ್ಟರು.

"ಏನ್ ತಿಂದ್ರಿ?"

"ರೈಲಲ್ಲಿ ಒಂದು ಕಿತ್ತಳೆ."

"ಅದೇ ಅಂದ್ಕೊಂಡೆ" ಎಂದ ಅಣ್ಣ, ಕಿತ್ತಳೆಯನ್ನು ಪತ್ತೆ ಹಚ್ಚಿದವನು ತಾನೇ ಎಂಬ ಠೀವಿಯಲ್ಲಿ. ಆಮೇಲೆ ಕಿವಿಯ ಹಿಂದೆ, ಕತ್ತಿನ ಮಡಿಕೆ ಎಲ್ಲ ನೋಡಿ ಮುಗಿಸಿದ. ನಾನು, "ಹಲ್ಲು ಎಣಿಸೋದು ಮರ್ತ್ಯಲ್ಲೋ" ಎಂದೆ. ಬೀಗರು ಹೋ ಎಂದು ನಕ್ಕರು. ಚಳಿಗೆ ನಡುಗುತ್ತ ನಗುತ್ತಿದ್ದರು ಪಾಪ.

ಒಳಗೆ ಎಲ್ಲ ಸಿದ್ಧವಾಗಿತ್ತು. ಕೆಂಪು ಕಾಳಿನ ಅನ್ನ, ತಲೆ ಬಾಲ ಸಮೇತ ಸುಟ್ಟ ಮೀನು, ಹಲ್ಲು ಗಟ್ಟಿಯಾಗಲಿ ಎಂದು ಒಸಡಿಗೆ ಮುಟ್ಟಿಸಲು ದೇವಸ್ಥಾನದಿಂದ ತಂದ ಪುಟ್ಟ ಕಲ್ಲು. ಚಿಜುರು ಮಗುವನ್ನು ಎತ್ತಿಕೊಂಡು ಕೂತಿದ್ದಳು. ಅಪ್ಪನನ್ನು ಆ ವೇಷದಲ್ಲಿ ಕಂಡು ಮೊದಲು ನಕ್ಕಳು, ಆಮೇಲೆ ತಡೆಯಲಾರದೆ ಅತ್ತಳು. ತೊರಾಮತ್ಸು ಕೋಣೆಯೊಳಗೆ ಬರದೆ ಬಾಗಿಲ ಪಕ್ಕ, ಚಪ್ಪಲಿ ಬಿಡುವಲ್ಲೇ ಮಂಡಿಯೂರಿ ಕೂತುಬಿಟ್ಟರು.

"ಒಳಗ್ ಬನ್ನಿ ಬೀಗರೇ."

"ಇಲ್ಲೇ ಚೆನ್ನಾಗಿ ಕಾಣತ್ತೆ ತಾಯಿ."

ಚಿಜುರು ಮಗುವನ್ನು ಅವರ ಬಳಿಗೇ ಒಯ್ದಳು. "ತಗೋ ಅಪ್ಪ, ಎತ್ಕೋ."

ಅವರ ಕೈಗಳು ಮುಂದೆ ಬಂದವು. ಅರ್ಧದಲ್ಲೇ ನಿಂತು, ಹಿಂದೆ ಹೋಗಿ ಎರಡೂ ಅಂಗಿಯ ತೋಳಿನೊಳಗೆ ಅಡಗಿದವು.

"ಬೇಡ ಮಗಳೇ. ನೋಡಿದ್ನಲ್ಲ, ಸಾಕು. ನೀನು ನಾಳೆ ಕಾವುಕೋಣೆಗೆ ಹೋಗೋಳು. ಇದನ್ನ ಎತ್ಕೊಂಡ್ ಕೈಯಲ್ಲೇ ಬೂಸಾ ಮುಟ್ತೀಯ."

"ಸ್ನಾನ ಮಾಡಿದ್ಯಲ್ಲಪ್ಪ!"

"ಸ್ನಾನಕ್ಕೆ ಹೋಗೋದಾ ಇದು? ಚಿಕ್ಕಂದಿನಿಂದ ಅದ್ರಲ್ಲೇ ಅದ್ದಿರೋ ಕೈ."

ಅಣ್ಣನಿಗೆ ಅನುಮಾನ ಬಂತು. ಗೇಟಿನಲ್ಲಿ ಕೈ ನೋಡುವುದನ್ನು ಮರೆತಿದ್ದ. "ಯಾಕೆ ಕೈ ಬಚ್ಚಿಟ್ಕೊಂಡಿದ್ದೀರಿ? ತೋರ್ಸಿ" ಎಂದು ಎದ್ದು ಬಂದು ಮುಂದೆ ಕುಕ್ಕರಿಸಿದ.

ಬೀಗರು ಹಿಂದೆ ಮುಂದೆ ನೋಡಿ ಕೈ ಚಾಚಿದರು. ಹತ್ತೂ ಬೆರಳ ಉಗುರನ್ನು ಮಾಂಸದ ತನಕ ಕತ್ತರಿಸಿಕೊಂಡಿದ್ದರು. ಅದರ ಸುತ್ತ ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ಚರ್ಮ ಕಿತ್ತು ಬಂದಿತ್ತು. ಎರಡು ಬೆರಳ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಇದನ್ನು ಅಣ್ಣ ಹೇಳಿರಲಿಲ್ಲ. ಫೋನಿನಲ್ಲಿ ಹೇಳಿದ ಷರತ್ತುಗಳಲ್ಲಿ ಉಗುರಿನ ಮಾತೇ ಇರಲಿಲ್ಲ.

"ಉಗುರ್ ಸಂದಿಲೇ ಜಾಸ್ತಿ ಉಳ್ಕೊಳ್ಳೋದು" ಎಂದರು ತೊರಾಮತ್ಸು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. "ಆದ್ರೂ ಧೈರ್ಯ ಬರ್ಲಿಲ್ಲ. ನಿಮ್ಮ ಕೆಲಸ ನಂಗೊತ್ತಿಲ್ವಾ ಬೀಗರೇ? ಒಂದು ತಟ್ಟೆ ಕೆಟ್ರೆ ಎಷ್ಟು ನೋವು ಅಂತ ನಂಗೂ ಗೊತ್ತು."

ಅಣ್ಣ ಆ ಕೈಗಳನ್ನೇ ನೋಡುತ್ತ ಕೂತ. ಏನಾದರೂ ಒಂದು ಕೊಂಕು ಆಡುತ್ತಾನೆ, ನಾನು ತಿರುಗಿಸಿ ಕೊಡೋಣ ಎಂದು ಕಾದೆ. ಅವನು ಎದ್ದ. ಸೊಂಟದಿಂದ ಕಾವುಕೋಣೆಯ ಬೀಗದಕೈ ಬಿಚ್ಚಿ ಯಸುನೊರಿಯ ಊಟದ ಮಣೆಯ ಮೇಲಿಟ್ಟ. ಸ್ನಾನಕ್ಕೆ ಹೋದರೂ ಸೊಂಟ ಬಿಡದ ಬೀಗದಕೈ ಅದು. ಯಾವಾಗ ತಟ್ಟೆ ತಿರುವಬೇಕು, ಯಾವಾಗ ಕಿಟಕಿ ತೆರೆಯಬೇಕು ಎಂಬುದರಲ್ಲಿ ಮಗನ ಮಾತನ್ನು ಅವನು ಒಂದು ದಿನಕ್ಕೂ ಕೇಳಿದವನಲ್ಲ. ಬೂಟು ಮೆಟ್ಟಿಕೊಂಡು ಹಿಮದಲ್ಲಿ ಹೊರಟುಹೋದ.

"ಕೋಪ ಬಂತೇನೋ" ಎಂದರು ಬೀಗರು. "ನಾನು ಹೊರಡ್ತೀನಿ."

"ಸುಮ್ನೆ ಕೂತ್ಕೊಳ್ಳಿ" ಎಂದು ಗದರಿದೆ.

ಅನ್ನ ಆರುತ್ತ ಬಂತು. ಆಗ ಬಾಗಿಲು ಸರಿಯಿತು. ತಲೆ ಮೇಲೆ, ಹೆಗಲ ಮೇಲೆ ಹಿಮ ಹೊತ್ತ ಅಣ್ಣ ನಿಂತಿದ್ದ. ಕೈಯಲ್ಲಿ ಹುಲ್ಲಿನ ಕಟ್ಟು. ಮೂಲೆಯಂಗಡಿಯ ನತ್ತೋ.

ನನಗೆ ಮಿಂಚಿದಂತಾಗಿ, ಯಸುನೊರಿಯ ಕೊರಳಪಟ್ಟಿ ಹಿಡಿದು ಎಬ್ಬಿಸಿದೆ. "ಏಳೋ! ಬೀಗದಕೈ ತಗೊಂಡು ಆಚೆ ನಡಿ! ನಾವಿಬ್ರೂ ಕೆಟ್ರೆ ಕಾವುಕೋಣೆಗೆ ದಿಕ್ಕಿಲ್ಲ!" ಇಬ್ಬರೂ ಇನ್ನೊಂದು ಬಾಗಿಲಿನಿಂದ ಜಗಲಿಗೆ ಹಾರಿ, ಗಾಜಿನ ಬಾಗಿಲು ಎಳೆದುಕೊಂಡು, ಚಳಿಯಲ್ಲಿ ಮೂಗನ್ನು ಗಾಜಿಗೆ ಒತ್ತಿ ನಿಂತೆವು. ಮೂರು ವರ್ಷ ಬೀಗರನ್ನು ಹೊರಗೆ ನಿಲ್ಲಿಸಿದ ಮನೆಯವರು ಈಗ ನಾವೇ ಹೊರಗೆ.

ಅಣ್ಣ ತನ್ನ ಊಟದ ಮಣೆಯ ಮುಂದೆ ಕೂತು ಕಟ್ಟು ಬಿಚ್ಚಿದ. ಬಟ್ಟಲಿಗೆ ಸುರಿದು ಕಡ್ಡಿಯಲ್ಲಿ ಕಲಸತೊಡಗಿದ. ಎಂದೂ ಕಲಸಿದವನಲ್ಲ, ಎಳೆಗಳು ಮೀಸೆಗೆ, ಮೂಗಿಗೆ, ಕನ್ನಡಕಕ್ಕೆ ಸುತ್ತಿಕೊಂಡವು. ಬಾಗಿಲ ಪಕ್ಕ ಕೂತಿದ್ದ ತೊರಾಮತ್ಸುಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

"ಬೀಗರೇ, ಬೀಗರೇ! ಹಾಗ್ ಕುಟ್ಟಬಾರ್ದು, ಕಾಳು ನುಜ್ಜಾಗತ್ತೆ! ಒಂದೇ ಕಡೆ ಸುತ್ತಿಸ್ಬೇಕು."

"ಹೀಗಾ?"

"ಹಾಂ, ಮೆತ್ತಗೆ. ಎಲ್ಲಿದು? ಮೂಲೆಯಂಗಡಿದಾ? ಇದಿನ್ನೂ ಎಳಸು, ಎಳೆ ಗಟ್ಟಿಯಾಗೇ ಇಲ್ಲ. ಛೇ, ಇಂಥದ್ನ ಮಾರ್ತಾರಾ ನಿಮ್ಮೂರಲ್ಲಿ?"

"ನಮ್ಮೂರನ್ನ ಅನ್ಬೇಡಿ" ಎಂದು ಅಣ್ಣ ಒಂದು ತುತ್ತು ಬಾಯಿಗಿಟ್ಟ. ಅಗಿದ. ಅವನ ಮುಖದಲ್ಲಿ ನಾನಾ ಬಣ್ಣ ಹೋಗಿ ಬಂತು. ಇನ್ನೊಂದು ತುತ್ತು ತಿಂದ. ಆಮೇಲೆ, ಇದು ಶಾಸ್ತ್ರದಲ್ಲೇ ಬರೆದದ್ದೇನೋ ಎಂಬ ಹಾಗೆ, ಬಟ್ಟಲು ಖಾಲಿ ಮಾಡಿ ಕೆಳಗಿಟ್ಟ.

"ಈಗ ನಾನೂ ಮೈಲಿಗೆ. ನಿಮಗಿಂತ ಜಾಸ್ತಿ ಮೈಲಿಗೆ. ಎತ್ಕೊಳ್ಳಿ ಮಗೂನ."

"ಬೀಗರೇ, ನಾಳೆ ಬೂಸಾ…"

"ನನ್ ಮಗ ನೋಡ್ಕೊತಾನೆ. ನಾನು, ಚಿಜುರು ಇಬ್ರೂ ಒಂದು ವಾರ ಒಳಗ್ ಹೋಗಂಗಿಲ್ಲ, ಅದು ಮನೆ ನಿಯಮ. ಇಲ್ಲಿ ಖಾಲಿ ಕೂತು ಫುಕಿ ಬಾಯಿಗೆ ಯಾಕೆ ಬೀಳ್ಲಿ? ನಾಳೆ ರೈಲಿಗೆ ಎಲ್ರೂ ಮಿತೊಗೆ ಹೋಗೋಣ. ಚಾಪೆ ಹಾಕ್ಸಿದ್ರಂತಲ್ಲ."

ಚಿಜುರು ಮಗುವನ್ನು ಅಪ್ಪನ ತೊಡೆಯ ಮೇಲಿಟ್ಟಳು. ಈ ಸಲ ಕೈಗಳು ಹಿಂದೆ ಹೋಗಲಿಲ್ಲ. ಆ ಕಿತ್ತುಹೋದ ಬೆರಳುಗಳಲ್ಲಿ ಮಗುವಿನ ತಲೆ ಹಿಡಿದು, ಕೂದಲಿಗೆ ಮುಖ ಒತ್ತಿ ಮುದುಕ ಅತ್ತ. ಮಿಯೊ ಅವನ ಬೋಳುತಲೆಯನ್ನು ಪಟಪಟ ಬಡಿಯಿತು. ಉಣ್ಣಿಸಬೇಕಾದವಳು ನಾನು ಹೊರಗೆ ನಿಂತಿದ್ದೆನಲ್ಲ, ಗಾಜು ತಟ್ಟಿ, ನೀವೇ ಉಣ್ಣಿಸಿ ಎಂದು ಕೈಸನ್ನೆ ಮಾಡಿದೆ. ಚಿನ್ನದ ಕೊಕ್ಕರೆಯ ಬಟ್ಟಲಿನಿಂದ ಮೊದಲ ಅಗುಳನ್ನು ಮುಟ್ಟಿಸಿದವರು ತೊರಾಮತ್ಸುವೇ. ಗಾಜೆಲ್ಲ ನನ್ನ ಉಸಿರಿಗೆ ಮಂಜಾಗಿ, ಮುಂದಿನದು ನನಗೆ ಸರಿಯಾಗಿ ಕಾಣಲಿಲ್ಲ. ಉಸಿರಿಗೇ ಎಂದು ಯಸುನೊರಿಗೂ ಹೇಳಿದೆ.

ಆ ದಿನ ನಾವಿಬ್ಬರೂ ಸ್ನಾನದ ಮನೆಗೆ ಹೋಗಿ ಮೈ ಉಜ್ಜಿಕೊಂಡು, ಪಕ್ಕದ ಗೋದಾಮಿನಲ್ಲೇ ಹಾಸಿಗೆ ಹಾಕಿದೆವು. ಮರುದಿನ ಅವರು ನಾಲ್ವರೂ ಹೊರಟರು. ಬೀದಿಗಿಳಿದ ಮೇಲೂ ಅಣ್ಣ ತಿರುಗಿ ತಿರುಗಿ ಕೂಗುತ್ತಿದ್ದ.

"ಯಸುನೊರೀ! ಕಾವು ಎಷ್ಟಿದೆ?"

"ಸರಿಯಾಗಿದೆ ಅಪ್ಪಾ, ಹೋಗಿ!"

"ಮೂಲೆ ತಟ್ಟೆಗಳು ಬೇಗ ಬಿಸಿ ಆಗ್ತವೆ!"

"ಗೊತ್ತು, ಹೋಗೀ!"

ಬೂಸಾ ಹೇಗೆ ಬಂತು ಎಂದು ಕೇಳುತ್ತೀರಿ. ಚೆಸ್ಟ್‌ನಟ್ ವಾಸನೆ ಘಮಘಮ. ಬಿಳಿ ಬೂಷ್ಟು ತಟ್ಟೆಯ ಅಂಚಿನ ತನಕ ಅರಳಿತ್ತು. ಬ್ರೆಡ್ಡಿನವರು ಪರೀಕ್ಷೆ ಮಾಡಿ, ಈ ಸಲದ ಪುಡಿಯ ಶಕ್ತಿ ಎಂದಿಗಿಂತ ಚೂರು ಹೆಚ್ಚೇ ಇದೆ, ಏನಾದರೂ ಬದಲಾಯಿಸಿದಿರಾ ಎಂದು ಕೇಳಿದರು. ಅಣ್ಣನಿಗೆ ನಾನು ಅದನ್ನು ಇವತ್ತಿನವರೆಗೂ ಹೇಳಿಲ್ಲ. ಅವನಿಗೆ ಬೇಜಾರಾಗಬಾರದು ಎಂದಲ್ಲ. ಮುಂದೆ ಜಗಳಕ್ಕೆ ಬೇಕಾಗುತ್ತದೆ.

ವಾರ ಕಳೆದು ಅಣ್ಣ ಒಬ್ಬನೇ ಬಂದ. ಚಿಜುರು, ಮಗು ಚೆರ್ರಿ ಹೂ ಬಿಡುವ ತನಕ ತವರಿನಲ್ಲೇ ಇರಲಿ ಎಂದು ಬಿಟ್ಟು ಬಂದಿದ್ದ. ನಾನು ಏನು ಬಿಡುವವಳೇ? ಸ್ಟೇಷನ್ ಮುಂದಿನ ಸ್ನಾನದ ಮನೆಗೆ ಅದೇ ಗಿಡ್ಡ ಯುಕಾತ ಕಳಿಸಿದ್ದೆ. ಎದುರುಮನೆಯವರು ಮತ್ತೆ ಪೊರಕೆ ಹಿಡಿದು ಆಚೆ ಬಂದರು. ಹೊಗೆಯಾಡುವ ತಲೆ, ಕೆಂಪು ಮೊಣಕಾಲು ಸಮೇತ ಅಣ್ಣ ಹಿಮದಲ್ಲಿ ನಡೆದು ಬಂದು ಗೇಟಿನ ಮುಂದೆ ನಿಂತ. ನಾನು ಅಡ್ಡ ನಿಂತಿದ್ದೆ.

"ಎಷ್ಟು ನತ್ತೋ ತಿಂದೆ?"

"ಮೊದಲ್ನೇ ದಿನ ಮಾತ್ರ. ಆಮೇಲೆ ತೊರಾ ಕೊಡ್ಲೇ ಇಲ್ಲ. ವಾಪಸ್ ಹೋಗೋದಿದೆ ನಿಮ್ಗೆ, ಅಂತ. ತಾನೂ ತಿನ್ಲಿಲ್ಲ, ಜೊತೆಗಿರ್ಲಿ ಅಂ‍ತ." ಬೀಗರು ಹೋಗಿ ತೊರಾ ಆಗಿದ್ದರು. "ಫುಕೀ, ಆ ಕೋಣೇಲಿ ಹಾಸ್ಗೆ ಹಾಸೇ ಇತ್ತು ಕಣೆ. ಹೆರಿಗೆಗೆ ಅಂತ ಹಾಸಿದ್ದು. ತೆಗೆಯೋಕೆ ಮನಸ್ಸು ಬರ್ಲಿಲ್ಲವಂತೆ."

ನಾನು ಗೇಟಿನ ಮೇಲಿನ ಹಿಮ ಕೊಡವಿದೆ.

"ಆಗಸ್ಟಲ್ಲಿ ಕಾವುಕೋಣೆ ಆರಿಸ್ತೀವಿ" ಎಂದ. "ಹಿಂದಿನ ಹಾಗೆ. ಬ್ರೆಡ್ಡಿನೋರಿಗೆ ಮುಂಚೇನೇ ಪುಡಿ ಮಾಡಿಟ್ಟು ಕೊಡೋಣ. ತೊರಾ ಬರ್ತಾನೆ. ಸ್ನಾನದ ಮನೆ ಗೀನದ ಮನೆ ಏನೂ ಇಲ್ಲ, ಸೀದಾ ಬರ್ತಾನೆ."

"ಅದೆಲ್ಲ ಆಮೇಲೆ. ಕೈ ತೋರ್ಸು."

ಕೈ ಚಾಚಿದ. ಹತ್ತೂ ಉಗುರನ್ನು ಮಾಂಸದ ತನಕ ಯಾರೋ ಕತ್ತರಿಸಿದ್ದರು, ಒಪ್ಪವಾಗಿ, ಎಲ್ಲೂ ಗಾಯವಾಗದ ಹಾಗೆ. ಕನ್ನಡಕ ಹಾಕಿದರೂ ಹತ್ತಿರದ್ದು ಅವನ ಕಣ್ಣಿಗೆ ಕಾಣುವುದಿಲ್ಲ. ಮನೆಯಲ್ಲಿ ಅವನ ಉಗುರು ತೆಗೆಯುವವಳು ನಾನೇ.

"ಯಾರ್ ಕತ್ತರಿಸಿದ್ದು?"

"ತೊರಾ. ರೈಲಿಗೆ ಹೊರಡೋಕ್ ಮುಂಚೆ ಕೂರಿಸ್ಕೊಂಡು ಒಂದೊಂದೇ ಬೆರಳು ಹಿಡ್ದು ತೆಗ್ದ. ಸಂದಿಲೇ ಉಳ್ಕೊಳ್ಳೋದು, ನೋವಾದ್ರೆ ಹೇಳಿ, ಅಂದ."

ನಾನು ಗೇಟಿನಿಂದ ಪಕ್ಕಕ್ಕೆ ಸರಿದೆ.

"ಉಸಿರು ನೋಡಲ್ವಾ?" ಎಂದ ಅಣ್ಣ.

"ಬೇಡ. ಒಳಗ್ ಬಾ, ಚಳಿ ಆಗತ್ತೆ."